ಹಣೆಯವರೆಗೆ ಬಂದು ನಿಂತ ಫೋಟೋ

ನಮ್ಮ ಲಲಿತಕ್ಕ ಹೋದ ತಿಂಗಳೆಲ್ಲ ಒಂದು ಹಣೆಯ ಜೊತೆ ಸಂಸಾರ ಮಾಡಿದಳು.

ಹಣೆ ಅಂದರೆ ಬರೀ ಹಣೆ. ಮೇಲೊಂದಿಷ್ಟು ನರೆತ ಕೂದಲು, ಕೆಳಗೆ ಹುಬ್ಬು. ಅಷ್ಟೇ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಹುಬ್ಬಿನ ಕೆಳಗೆ ಖಾಲಿ ಕಾಗದ. ಅದನ್ನು ಕಂಪ್ಯೂಟರಿನಿಂದ ಪ್ರಿಂಟ್ ತೆಗೆದು, ಮಡಿಕೆ ಬೀಳದ ಹಾಗೆ ವೀಕ್ಲಿಯೊಂದರ ಮಧ್ಯೆ ಇಟ್ಟುಕೊಂಡು, ಹಾಸನದಿಂದ ಹೊಳೆನರಸೀಪುರದ ಬಸ್ಸು ಹತ್ತಿ ಅವಳ ಕೈಗೆ ಕೊಟ್ಟವನು ನಾನೇ.

(ಕಂಪ್ಯೂಟರ್ ವಿಷಯ ಅಂತ ಪುಟ ತಿರುಗಿಸಬೇಡಿ. ನನಗೂ ಅದರ ಬಗ್ಗೆ ನಿಮಗಿಂತ ಹೆಚ್ಚೇನೂ ಗೊತ್ತಿಲ್ಲ. ಈ ಅಂಕಣವನ್ನು ಇವತ್ತಿಗೂ ಪೆನ್ನಿನಲ್ಲೇ ಬರೆಯುತ್ತೇನೆ.)

ಲಲಿತಕ್ಕ ನನ್ನ ಸ್ವಂತ ಅಕ್ಕ. ಹೊಳೆನರಸೀಪುರದ ಒಂದು ಶಿಶುವಿಹಾರದಲ್ಲಿ ಟೀಚರ್. ಅವಳ ಗಂಡ, ಅಂದರೆ ನಮ್ಮ ಭಾವ, ಗುಮಾಸ್ತರ ಕೆಲಸದಲ್ಲಿದ್ದರು. ಮೆತ್ತಗಿನ ಮನುಷ್ಯ. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಅವರ ಮನಸ್ಸು ಮಂಕಾಯಿತು. ಊಟಕ್ಕೆ ಕೂತವರು ಹಾಗೇ ಕೂತಿರುತ್ತಿದ್ದರು. ಅಕ್ಕ ಕೈಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು. ಮಾತ್ರೆಯಲ್ಲಿ ಸ್ವಲ್ಪ ಗುಣ ಕಂಡಿತ್ತು ಕೂಡ. ಒಂದು ದಿನ ಬೆಳಿಗ್ಗೆ, ಕನ್ನಡಕದ ಕಡ್ಡಿ ಮುರಿದಿದೆ, ಹಾಸನಕ್ಕೆ ಹೋಗಿ ಸರಿ ಮಾಡಿಸಿಕೊಂಡು ಬರುತ್ತೇನೆ ಅಂತ ಹೊರಟರು. ಅವರಾಗಿಯೇ ಒಂದು ಕೆಲಸ ನೆನಪಿಟ್ಟುಕೊಂಡು ಹೊರಟಿದ್ದಾರಲ್ಲ ಅಂತ ಅಕ್ಕನಿಗೆ ಖುಷಿ. ಗೇಟಿನವರೆಗೂ ಬಂದು ಕಳಿಸಿಕೊಟ್ಟಳು.

ಕನ್ನಡಕ ಹಾಸನದ ಅಂಗಡಿಯಲ್ಲಿ ಸಿಕ್ಕಿತು. ಭಾವ ಸಿಗಲಿಲ್ಲ.

ಅಂಗಡಿಯವರು ಹೇಳಿದ್ದಿಷ್ಟು: ಫ್ರೇಮು ಕೊಟ್ಟರು, ಸಾಯಂಕಾಲ ಬರುತ್ತೇನೆ ಅಂದರು, ಹೋದರು. ಶಾಂತಿಗ್ರಾಮದಲ್ಲಿ ಬಸ್ಸಿಳಿದು ಟೀ ಕುಡಿಯುತ್ತಿದ್ದರು ಅಂತ ಒಬ್ಬರು ಹೇಳಿದರು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಕಂಡೆ ಅಂತ ಇನ್ನೊಬ್ಬರು. ಅಲ್ಲಿಂದ ಮುಂದೆ ಯಾರೂ ಕಂಡಿಲ್ಲ. ಪೊಲೀಸ್ ಸ್ಟೇಷನ್, ಆಸ್ಪತ್ರೆ, ಛತ್ರ, ರೈಲ್ವೆ ಸ್ಟೇಷನ್, ಎಲ್ಲಾ ಅಲೆದಾಯಿತು. ಸರಿಮಾಡಿದ ಕನ್ನಡಕವನ್ನು ಅಕ್ಕ ಅದರ ಡಬ್ಬಿಯಲ್ಲಿಟ್ಟು ಬೀರುವಿನಲ್ಲಿ ಇಟ್ಟಳು. ಗಾಜಿಗೆ ಧೂಳು ಕೂರದ ಹಾಗೆ ಆಗಾಗ ಒರೆಸುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮವರಲ್ಲಿ ಒಂದು ಪದ್ಧತಿ ಇದೆ. ಮನೆ ಬಿಟ್ಟು ಹೋದವರು ಹನ್ನೆರಡು ವರ್ಷ ಪತ್ತೆಯಾಗದಿದ್ದರೆ, ಇನ್ನಿಲ್ಲ ಅಂತ ತಿಳಿದುಕೊಳ್ಳಬೇಕು. ದರ್ಭೆಯಲ್ಲಿ ಒಂದು ಗೊಂಬೆ ಮಾಡಿ, ಅದಕ್ಕೇ ಸಂಸ್ಕಾರ ಮಾಡಬೇಕು. ಆಮೇಲೆ ಶ್ರಾದ್ಧ, ತರ್ಪಣ ಎಲ್ಲ. ಹೆಂಡತಿ ಕುಂಕುಮ ಅಳಿಸಬೇಕು. ಯಾರು ಮಾಡಿದರೋ ಈ ಲೆಕ್ಕ, ಹನ್ನೆರಡೇ ಯಾಕೋ, ನಾನು ಕೇಳಿದ ಯಾರಿಗೂ ಗೊತ್ತಿಲ್ಲ.

ಹನ್ನೆರಡು ತುಂಬಿತು.

ಭಾವನ ತಮ್ಮ ಶ್ರೀನಿವಾಸ ಅಲ್ಲೇ ಒಂದು ದೇವಸ್ಥಾನದ ಅರ್ಚಕ. ಅಕ್ಕ ಇರುವುದೂ ಅವನ ಜೊತೆಗೇ, ಅದೇ ಮನೆಯಲ್ಲಿ. ಕೆಟ್ಟವನಲ್ಲ. ಅತ್ತಿಗೆ ಅಂದರೆ ಪ್ರಾಣ ಬಿಡುತ್ತಾನೆ. ಆದರೆ ಈ ಸಲ ಮಹಾಲಯಕ್ಕೆ ಮುಂಚೆ ಕರ್ಮ ಮುಗಿಸಲೇಬೇಕು ಅಂತ ಪಟ್ಟು ಹಿಡಿದ. ನಾನು ರೇಗಿದೆ. ಇರುವವಳ ಹಣೆ ಖಾಲಿ ಮಾಡುವುದಕ್ಕೆ ಇಷ್ಟು ಅವಸರ ಏನಪ್ಪಾ ಅಂತ ಕೇಳಿಯೇಬಿಟ್ಟೆ. ಅವನು ಸಿಟ್ಟಾಗಲಿಲ್ಲ. ತಲೆ ತಗ್ಗಿಸಿಕೊಂಡು ಹೇಳಿದ:

"ತರ್ಪಣಕ್ಕೆ ಕೂತಾಗ ಅಪ್ಪನಿಗೆ ನೀರು ಬಿಡ್ತೀನಿ, ತಾತನಿಗೆ ಬಿಡ್ತೀನಿ. ಅಣ್ಣನ ಹೆಸರು ಹೇಳೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ. ಅವನು ಎಲ್ಲೋ ಬಾಯಾರಿ ನಿಂತಿದ್ರೆ ಏನು ಮಾಡ್ಲಿ?"



ಅಷ್ಟರಲ್ಲೇ ನನಗೊಂದು ಫೋನು ಬಂತು. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಮಗಳ ಮನೆಗೆ ಅಂತ ಮಹಾರಾಷ್ಟ್ರದ ಕಡೆ ಹೋಗಿದ್ದರು. ಅಲ್ಲಿ ಯಾವುದೋ ಒಂದು ಆಶ್ರಮವಂತೆ. ರೈಲ್ವೆ ಸ್ಟೇಷನ್ನು, ರಸ್ತೆ ಬದಿಯಲ್ಲಿ ದಿಕ್ಕಿಲ್ಲದೆ ಅಲೆಯುವವರನ್ನು ಕರೆದು ತಂದು ನೋಡಿಕೊಳ್ಳುತ್ತಾರಂತೆ. ಅವರ ಫೋಟೋಗಳನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಹಾಕಿದ್ದಾರಂತೆ. ಅದರಲ್ಲೊಬ್ಬರು ಕನ್ನಡದವರು, ಬೇರೇನೂ ಮಾತಾಡುವುದಿಲ್ಲ, ಕೇಳಿದಾಗೆಲ್ಲ 'ನರಸೀಪುರ' ಅಂತ ಮಾತ್ರ ಹೇಳುತ್ತಾರೆ ಅಂತ ಯಾರೋ ಇವರಿಗೆ ಹೇಳಿದರಂತೆ. ನಿಮ್ಮ ಭಾವನ ವಿಷಯ ನೆನಪಾಯಿತು, ಒಂದು ಸಲ ನೋಡಿ ಅಂತ ವೆಬ್ ಪುಟದ ವಿಳಾಸ ಬರೆಸಿದರು.

ಅಕ್ಕನಿಗೆ ಹೇಳಬಾರದಿತ್ತೇನೋ. ಬಸ್ಸು ಹತ್ತಿ ಹೋಗಿ ಹೇಳಿದೆ.

ಅವಳು ಅವತ್ತೇ ಸೀರೆ ಬದಲಾಯಿಸಿ, ತಲೆ ಬಾಚಿ, ನನ್ನನ್ನೂ ಕರೆದುಕೊಂಡು ಹೊರಟಳು. ಹೋಗಿದ್ದು ಮಂಜಣ್ಣನ ಬ್ರೌಸಿಂಗ್ ಸೆಂಟರಿಗೆ. ಮಂಜಣ್ಣ ಮೊದಲು ಎಸ್‌ಟಿಡಿ ಬೂತ್ ಇಟ್ಟಿದ್ದವನು. ಊರ ಹೊರಗೆ ಗದ್ದೆ ಇದೆ, ತೆಂಗಿದೆ. ಬೂತಿನ ಕಾಲ ಮುಗಿಯುತ್ತಿದೆ ಅಂತ ಗೊತ್ತಾದ ಕೂಡಲೇ ಅದೇ ಗಾಜಿನ ಗೂಡುಗಳೊಳಗೆ ಕಂಪ್ಯೂಟರ್ ಕೂರಿಸಿದ. ಅವನ ಮಕ್ಕಳಿಬ್ಬರೂ ಅಕ್ಕನ ಶಿಶುವಿಹಾರದಲ್ಲೇ ಅಆಇಈ ಕಲಿತವರು. ಹಾಗಾಗಿ ಟೀಚರಮ್ಮ ಬಂದರು ಅಂತ ಒಳಗಿನ ಒಳ್ಳೆಯ ಕುರ್ಚಿ ತಂದು ಹಾಕಿದ.

ಮೋಡೆಮ್ಮು ಕೀಂ ಕೀಂ ಅಂತ ಅರಚಿ ಸುಮ್ಮನಾಯಿತು. ಪುಟ ಬಂತು. ಇಂಗ್ಲಿಷಿನಲ್ಲಿ ಆಶ್ರಮದ ಹೆಸರು, ಆಮೇಲೆ ಸಾಲು ಸಾಲು ವಿವರ. ಇಳಿಸುತ್ತಾ ಹೋದರೆ ಕೊನೆಗೆ ಅವರು. ಗಂಡಸು. ಐವತ್ತರ ಮೇಲೆ. ಗೋಧಿ ಮೈಬಣ್ಣ. ಸಾಧಾರಣ ಎತ್ತರ. ಕನ್ನಡ ಭಾಷೆ. ನರಸೀಪುರ ಅನ್ನುತ್ತಾರೆ. ಪಕ್ಕದಲ್ಲಿ ಫೋಟೋ ಇರಬೇಕಾದ ಜಾಗದಲ್ಲಿ ಒಂದು ಖಾಲಿ ಚೌಕ, ಅದರ ಮೂಲೆಯಲ್ಲೊಂದು ಪುಟ್ಟ ಗುರುತು.

ಕಾದೆವು. ಚೌಕ ಚೌಕವಾಗಿಯೇ ಇತ್ತು.

ರಿಫ್ರೆಶ್ ಒತ್ತಿದೆವು. ಅಕ್ಷರ ಎಲ್ಲ ಹೋಗಿ ಮತ್ತೆ ಬಂತು, ಫೋಟೋ ಬರಲಿಲ್ಲ. ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿದೆವು. ಅಲ್ಲೂ ಅದೇ ಚೌಕ. ವಿಚಿತ್ರ ಏನು ಗೊತ್ತಾ? ಕೆಳಗೆ ಎಡಮೂಲೆಯಲ್ಲಿ ಅದು 'ಡನ್' ಅಂತ ಬರೆದುಕೊಳ್ಳುತ್ತೆ. ಮುಗಿಯಿತು, ಅಂತ. ಏನು ಮುಗಿಯಿತು? ಮನುಷ್ಯನ ಮುಖವೇ ಬಂದಿಲ್ಲ, ಇವನದು ಮುಗಿಯಿತಂತೆ.

ಮಂಜಣ್ಣ ತಲೆ ಕೆರೆದುಕೊಂಡ. "ಲೈನ್ ವೀಕ್ ಆಗದೆ ಸಾ. ರೋಡ್ ಅಗೀತಾವ್ರಲ್ಲ, ಎಲ್ಲೋ ಕೇಬಲ್ಲಿಗೆ ಏಟ್ ಬಿದ್ದದೆ. ನಾಳೀಕೆ ಬನ್ನಿ ಟೀಚರಮ್ಮ, ಬಂದೇ ಬತ್ತದೆ."

ಆಶ್ರಮಕ್ಕೆ ಫೋನ್ ಮಾಡಬಾರದಿತ್ತಾ ಅಂತೀರಿ. ಮಾಡಿದೆ. ನನ್ನ ಹಿಂದಿ ಟಿಕೆಟ್ ಕೊಳ್ಳುವುದಕ್ಕೆ ಸಾಕಾಗುವಷ್ಟು ಮಾತ್ರ. ಆ ಕಡೆಯವರಿಗೆ ತಾಳ್ಮೆ ಇತ್ತು, ಪುಣ್ಯ. ಅವರನ್ನು ಫೋನಿಗೆ ಕರೆಯಿರಿ ಅಂದೆ. ಕಿವಿಗೆ ಫೋನ್ ಇಟ್ಟರೆ ಹೆದರುತ್ತಾರೆ, ಬೇಡ ಅಂದರು. ಪುಟದಲ್ಲಿ ಫೋಟೋ ಇದೆ, ಗುರುತು ಹಿಡಿದು ಹೇಳಿ, ಆಮೇಲೆ ಬನ್ನಿ ಅಂದರು. ಪೋಸ್ಟಿನಲ್ಲಿ ಒಂದು ಫೋಟೋ ಕಳಿಸಿ ಅಂತ ಬೇಡಿಕೊಂಡೆ, ಆಗಲಿ ಅಂದರು. ಅದು ಇವತ್ತಿಗೂ ಬಂದಿಲ್ಲ. ನಾನೇ ರೈಲು ಹತ್ತಿಬಿಡುತ್ತೇನೆ ಅಂದಾಗ ಅಕ್ಕನೇ ಬೇಡ ಅಂದಳು. ಮೊದಲು ಮುಖ ನೋಡುತ್ತೇನೆ ಅಂತ ಹಟ. ಅಷ್ಟು ದೂರ ಹೋದವನು ಬರಿಗೈಯಲ್ಲಿ ಬಂದರೆ, ನನಗೆ ಬಾಗಿಲು ತೆಗೆಯುವವಳು ಅವಳಲ್ಲವೇ?

ಮಾರನೆಯ ದಿನ ಹಾಸನದಲ್ಲಿ, ನಾನು ಪಾಠ ಮಾಡುವ ಕಾಲೇಜಿನ ಕಂಪ್ಯೂಟರಿನಲ್ಲಿ ನೋಡಿದೆ. ಅಲ್ಲಿ ಚೌಕ ಇರಲಿಲ್ಲ. ಫೋಟೋ ಬರತೊಡಗಿತು! ಬರುವುದು ಹೇಗೆ ಅಂತೀರಿ, ಮೇಲಿನಿಂದ ಕೆಳಗೆ, ಪಟ್ಟಿ ಪಟ್ಟಿಯಾಗಿ, ಯಾರೋ ಪರದೆ ಇಳಿಸಿದ ಹಾಗೆ. ಕೂದಲು ಬಂತು. ಹಣೆ ಬಂತು. ಅಗಲ ಹಣೆ, ಮೂರು ಗೆರೆ. ಹುಬ್ಬು ಬಂತು. ಅಲ್ಲಿಗೆ ಲೈನ್ ಕಟ್ ಆಯಿತು.

ಮತ್ತೆ ಡಯಲ್ ಮಾಡಿದೆ. ಮತ್ತೆ ಹುಬ್ಬಿನವರೆಗೆ. ಇನ್ನೊಂದು ದಿನ, ಇನ್ನೊಂದು ಹೊತ್ತು, ಮಳೆ ನಿಂತ ಮೇಲೆ, ಕ್ಲಾಸು ಶುರುವಾಗುವ ಮುಂಚೆ. ಯಾವಾಗ ನೋಡಿದರೂ ಹುಬ್ಬಿನವರೆಗೆ. ಆ ಮನುಷ್ಯನಿಗೇ ಕಣ್ಣು ತೋರಿಸಲು ಇಷ್ಟವಿಲ್ಲವೇನೋ ಅಂತ ಅನುಮಾನ ಬರುವಷ್ಟು. ಕೊನೆಗೆ ಇಷ್ಟಾದರೂ ಇರಲಿ ಅಂತ ಪ್ರಿಂಟ್ ತೆಗೆದೆ.

ಅದನ್ನೇ ನಾನು ಅಕ್ಕನಿಗೆ ಕೊಟ್ಟದ್ದು.

ಅವಳು ಗೋಡೆಯ ಮೇಲಿದ್ದ ಮದುವೆ ಫೋಟೋ ಇಳಿಸಿದಳು. ಮಡಿಲಲ್ಲಿಟ್ಟುಕೊಂಡು, ಭಾವನ ಮುಖದ ಅರ್ಧವನ್ನು ಅಂಗೈಯಲ್ಲಿ ಮುಚ್ಚಿದಳು. ಹುಬ್ಬಿನಿಂದ ಮೇಲೆ ಮಾತ್ರ ಕಾಣುವ ಹಾಗೆ. ಪಕ್ಕದಲ್ಲಿ ಪ್ರಿಂಟ್ ಇಟ್ಟಳು. ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ನಾನು ಏನು ಅಂತಾಳೋ ಅಂತ ಕೂತಿದ್ದೆ. ಶ್ರೀನಿವಾಸ ಬಾಗಿಲ ಹತ್ತಿರವೇ ನಿಂತಿದ್ದ, ಹತ್ತಿರ ಬರಲಿಲ್ಲ.

"ಕೂದ್ಲು ಹಣ್ಣಾಗ್ಬಿಟ್ಟಿದೆ," ಅಂದಳು ಅಕ್ಕ. ಅಷ್ಟೇ ಅಂದದ್ದು.

ಅಷ್ಟು ಸಾಕಾಯಿತು. ಅವಳ ಮಟ್ಟಿಗೆ ಅದು ಭಾವನೇ. ಕರ್ಮದ ದಿನವನ್ನು ಮುಂದಕ್ಕೆ ಹಾಕು ಅಂತ ಮೈದುನನಿಗೆ ಹೇಳಿದಳು. ಅವನು ಒಪ್ಪಿದ. ಆದರೆ ನನ್ನನ್ನು ಹೊರಗೆ ಕರೆದು, ನಮ್ಮ ವಂಶದಲ್ಲಿ ಎಲ್ಲರ ಹಣೆಯೂ ಅಗಲವೇ, ಊರಲ್ಲಿ ಅರ್ಧ ಜನದ್ದೂ ಅಗಲವೇ, ಅರ್ಧ ಫೋಟೋ ನಂಬಿಕೊಂಡು ಎಷ್ಟು ದಿನ ಅಂತ ಕೇಳಿದ. ಮಹಾಲಯ ದಾಟಿಸುವುದಿಲ್ಲ ಅಂತಲೂ ಹೇಳಿದ.

ಆಮೇಲೆ ಅಕ್ಕ ಬದಲಾದಳು. ಫೋನಿನಲ್ಲೇ ಗೊತ್ತಾಗುತ್ತಿತ್ತು. ಭಾವನಿಗೆ ಪ್ಯಾಂಟು ಇನ್ನು ಹಿಡಿಸಲಿಕ್ಕಿಲ್ಲ, ಪಂಚೆಯೇ ಸರಿ ಅನ್ನುವಳು. ಹುಳಿಗೆ ಖಾರ ಕಮ್ಮಿ ಹಾಕುವುದನ್ನು ಮತ್ತೆ ರೂಢಿ ಮಾಡಿಕೊಳ್ಳಬೇಕು ಅನ್ನುವಳು. ಕನ್ನಡಕದ ಪವರ್ ಬದಲಾಗಿರುತ್ತೆ ಅಲ್ವಾ ಅಂತ ಕೇಳುವಳು. ಮಧ್ಯೆ ಮಧ್ಯೆ ಮಂಜಣ್ಣನ ಸೆಂಟರಿಗೆ ಹೋಗಿ ಆ ಖಾಲಿ ಚೌಕದ ಮುಂದೆ ಕೂತು ಬರುವಳು. ನನಗೆ ಮಾತ್ರ ಒಂದು ಆಣೆ ಹಾಕಿದ್ದಳು: "ಪೂರ್ತಿ ಬಂದ್ರೆ ನೀನೊಬ್ನೇ ನೋಡ್ಬಿಡ್ಬೇಡ ಕಣೋ. ಮೊದ್ಲು ನಾನು ನೋಡ್ಬೇಕು."

ನಮ್ಮ ಕಾಲೇಜಿನ ಕಂಪ್ಯೂಟರ್ ಮೇಷ್ಟ್ರು ಅಷ್ಟೂ ದಿನ ಪರೀಕ್ಷೆ ಡ್ಯೂಟಿ ಮೇಲೆ ಅರಕಲಗೂಡಿನಲ್ಲಿದ್ದರು. ವಾಪಸ್ ಬಂದ ಮೇಲೆ ಹಿಡಿದುಕೊಂಡೆ. ರೋಗ ಹೇಳಿದೆ. ಅವರು ಡಾಕ್ಟರ ಹಾಗೆ ಎರಡು ಪ್ರಶ್ನೆ ಕೇಳಿ ನಕ್ಕರು. (ಅವರಿಗೆ ಕಥೆ ಗೊತ್ತಿರಲಿಲ್ಲ, ತಪ್ಪಿಲ್ಲ.)

ನಿಮ್ಮದು ಎರಡು ಬೇರೆ ಬೇರೆ ಕಾಯಿಲೆ ಅಂದರು. ಕಾಲೇಜಿನಲ್ಲಿ ಮೊದಲ ದಿನ ಲೈನ್ ಹೋದಾಗ ಅರ್ಧ ಫೋಟೋ ಬಂದಿತ್ತಲ್ಲ, ಕಂಪ್ಯೂಟರ್ ಅದನ್ನೇ ಪೂರ್ತಿ ಅಂತ ತಿಳಿದು ಜೋಪಾನವಾಗಿ ಎತ್ತಿಟ್ಟುಕೊಂಡಿದೆ. ಪ್ರತಿ ಸಲ ಕೇಳಿದಾಗಲೂ ಹೊಸದು ತರಿಸದೆ, ತನ್ನ ಹತ್ತಿರ ಇರುವ ಅರ್ಧವನ್ನೇ ತೋರಿಸುತ್ತಿದೆ. ಆ ಹಳೆಯದನ್ನು ಅಳಿಸಿ ಮತ್ತೆ ಕೇಳಬೇಕು. ಇನ್ನು ಹೊಳೆನರಸೀಪುರದ ಚೌಕಕ್ಕೆ ಲೈನ್ ಕಾರಣವೇ ಅಲ್ಲ. ಚಿತ್ರ ತೋರಿಸು ಅನ್ನುವುದಕ್ಕೆ ಒಂದು ಟಿಕ್ ಮಾರ್ಕ್ ಇರುತ್ತೆ, ಯಾರೋ ಅದನ್ನು ತೆಗೆದಿದ್ದಾರೆ, ಹಾಕಿದರೆ ಸರಿಹೋಗುತ್ತೆ ಅಂದರು. ಎಲ್ಲಿ ಒತ್ತಬೇಕು ಅಂತ ತೋರಿಸಿಕೊಟ್ಟರು.

ಕಾಲೇಜಿನ ಕಂಪ್ಯೂಟರ್ ಅಲ್ಲೇ ಎದುರಿಗಿತ್ತು. ಅಳಿಸಿ ನೋಡಬಹುದಿತ್ತು. ಆಣೆ ನೆನಪಾಯಿತು. ಎದ್ದು ಬಸ್ ಸ್ಟ್ಯಾಂಡಿಗೆ ನಡೆದೆ.

ಮಂಜಣ್ಣನ ಸೆಂಟರಿನಲ್ಲಿ ಆ ಟಿಕ್ ನಿಜಕ್ಕೂ ಇರಲಿಲ್ಲ. ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ಅವನು ಪರದೆ ನೋಡಿದ, ನನ್ನನ್ನು ನೋಡಿದ, ಮುಖ ಸಣ್ಣದಾಯಿತು.

"ನಾನೇ ತೆಗ್ದಿದ್ದು ಸಾ. ರಿಜಲ್ಟ್ ಬರೋ ಟೈಮಲ್ಲಿ ಮಕ್ಳು ಸಾಲಾಗಿ ನಿಂತಿರ್ತವೆ, ಒಂದೊಂದೂ ಅಳೋ ಅಂಗೆ ಇರ್ತವೆ. ಪಿಕ್ಚರ್ ಇಲ್ದಿದ್ರೆ ಪೇಜು ಬೇಗ್ನೆ ಬತ್ತದೆ ಅಂತ ತೆಗೆದ್ಬುಟ್ಟೆ. ಆಮ್ಯಾಕೆ ಮರ್ತೇ ಓಯ್ತು. ಲೈನ್ ಲೈನ್ ಅಂತ ಟೀಚರಮ್ಮನ್ನ ಅಲೆಸ್ಬುಟ್ನಲ್ಲ."

ಬೈಯೋಣ ಅಂದರೆ, ಪಾಸೋ ಫೇಲೋ ಅಂತ ನಡುಗುತ್ತಾ ನಿಂತ ಮಕ್ಕಳು ಒಂದು ಕ್ಷಣವೂ ಹೆಚ್ಚಿಗೆ ಕಾಯಬಾರದು ಅಂತ ಮಾಡಿದ ಕೆಲಸ. ನಮ್ಮ ಕಡೆ ಜನ ಮಾಡುವ ತಪ್ಪುಗಳೇ ಹೀಗೆ. ಒಬ್ಬರಿಗೆ ಒಳ್ಳೆಯದಾಗಲಿ ಅಂತ ಮಾಡಿರುತ್ತಾರೆ, ಇನ್ನೊಬ್ಬರ ಬುಡಕ್ಕೆ ಬಂದಿರುತ್ತೆ.

ಹೇಳಿಕಳಿಸಿದ ಮೇಲೆ ಅಕ್ಕ ಶಿಶುವಿಹಾರ ಮುಗಿಸಿ, ಮನೆಗೆ ಹೋಗಿ ಬಂದಳು. ಕೈಯಲ್ಲಿ ಕನ್ನಡಕದ ಡಬ್ಬಿ.

ಟಿಕ್ ಹಾಕಿದೆ. ವಿಳಾಸ ಒತ್ತಿದೆ. ಮೊದಲು ಅಕ್ಷರ ಬಂತು. ಆಮೇಲೆ ಚೌಕದ ಮೇಲಂಚಿನಿಂದ ಇಳಿಯತೊಡಗಿತು. ನರೆತ ಕೂದಲು. ಹಣೆ, ನಮಗೆ ಇಷ್ಟು ದಿನದಲ್ಲಿ ಬಾಯಿಪಾಠ ಆಗಿದ್ದ ಮೂರು ಗೆರೆ. ಹುಬ್ಬು. ಯಾವಾಗಲೂ ನಿಲ್ಲುವ ಜಾಗ ಅದು. ಈ ಸಲ ನಿಲ್ಲಲಿಲ್ಲ. ಕಣ್ಣು ಬಂತು.

ಸಣ್ಣ ಕಣ್ಣು. ಒಳಗೆ ಹೋದ ಕಣ್ಣು. ಯಾರದೋ ಕಣ್ಣು.

ನಿಲ್ಲಿಸಲು ನಾನು ಮೌಸಿಗೆ ಕೈ ಹಾಕಿದೆ. ಅಕ್ಕ ನನ್ನ ಕೈ ಹಿಡಿದಳು.

"ಇವ್ರಲ್ಲ," ಅಂದಳು. "ಆದ್ರೂ ಪೂರ್ತಿ ಬರ್ಲಿ, ಇರು."

ಪೂರ್ತಿ ಬಂತು. ಸ್ವಲ್ಪ ಸೊಟ್ಟಗಿನ ಮೂಗು, ಕುರುಚಲು ಗಡ್ಡ, ಕತ್ತಿನ ತನಕ ಗುಂಡಿ ಹಾಕಿದ ಷರಟು. ಅಕ್ಕ ಆ ಮುಖವನ್ನು ಮೇಲಿನಿಂದ ಕೆಳಗೆ ನೋಡಿದಳು, ಮನೆಗೆ ಬಂದ ನೆಂಟರನ್ನು ನೋಡುವ ಹಾಗೆ. ಮೂಲೆಯಲ್ಲಿ 'ಡನ್' ಅಂತ ಬಂತು. ಈ ಸಲ ಅದು ಹೇಳಿದ್ದು ನಿಜ.

ಮಂಜಣ್ಣ ಕುರ್ಚಿಯ ಹಿಂದೆ ನಿಂತು, ತಪ್ಪಾಯಿತು, ಮೊದಲೇ ಟಿಕ್ ನೋಡಬೇಕಿತ್ತು ಅಂತ ಏನೇನೋ ಹೇಳುತ್ತಿದ್ದ. ಅಕ್ಕ ಅವನ ಕಡೆ ತಿರುಗಿದಳು.

"ಇರ್ಲಿ ಬಿಡಿ ಮಂಜಣ್ಣ. ಅಷ್ಟು ದಿನ ನಂಗೆ ಅವ್ರು ಇದ್ರಲ್ಲ."

ಆಗ ನನಗೆ ಅಳು ಬಂತು. ಬರೆಯಲು ನಾಚಿಕೆಯೇನಿಲ್ಲ. ಎಸ್‌ಟಿಡಿ ಬೂತಿನ ಗಾಜಿನ ಗೂಡಿನಲ್ಲಿ ನಿಂತು ಅತ್ತವರಲ್ಲಿ ನಾನೇ ಮೊದಲಿನವನೇನೂ ಆಗಿರಲಿಕ್ಕಿಲ್ಲ.

ಕರ್ಮ ನಡೆಯಿತು. ಹೇಮಾವತಿ ದಂಡೆಯಲ್ಲಿ, ಶ್ರೀನಿವಾಸ ತನ್ನ ಕೈಯಾರೆ ದರ್ಭೆಯ ಗೊಂಬೆ ಕಟ್ಟಿದ. ಕೈ, ಕಾಲು, ತಲೆ ಎಲ್ಲಾ ಇದೆ. ಮುಖ ಮಾತ್ರ ಇಲ್ಲ. ನನಗೆ ಅದನ್ನು ನೋಡಲಾಗಲಿಲ್ಲ, ಹೊಳೆಯ ಕಡೆ ತಿರುಗಿ ನಿಂತೆ. ಬೆಂಕಿ ಇಟ್ಟ ಮೇಲೆ ಅವನು ಅಣ್ಣನ ಹೆಸರು ಹೇಳಿ ನೀರು ಬಿಟ್ಟ. ಹನ್ನೆರಡು ವರ್ಷ ಹೇಳಲಾಗದೆ ಉಳಿದಿದ್ದ ಹೆಸರು. ಅವನ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು. ಪದ್ಧತಿಯ ಮೇಲಿನ ಸಿಟ್ಟು ಹಾಗೇ ಇದೆ. ಅದನ್ನು ಯಾವ ಹೊಳೆಯಲ್ಲಿ ಬಿಡಲಿ?

ಅಕ್ಕನ ಹಣೆಯ ಬಗ್ಗೆ ಬರೆಯುವುದಿಲ್ಲ. ಯಾರೂ ಕೈ ಹಚ್ಚಬೇಡಿ ಅಂತ ಹೇಳಿ, ಅವಳೇ ಒಳಗೆ ಹೋಗಿ ಬಂದಳು.

ಹೋದ ಭಾನುವಾರ ಅವಳನ್ನು ನೋಡಲು ಹೋಗಿದ್ದೆ. ಮದುವೆ ಫೋಟೋ ಮತ್ತೆ ಗೋಡೆಗೆ ಬಂದಿತ್ತು. ನಾನು ಕೊಟ್ಟ ಅರ್ಧ ಮುಖದ ಪ್ರಿಂಟ್ ಎಸೆದಿರುತ್ತಾಳೆ ಅಂದುಕೊಂಡಿದ್ದೆ. ಎಸೆದಿರಲಿಲ್ಲ. ಬೀರುವಿನಲ್ಲಿ, ಕನ್ನಡಕದ ಡಬ್ಬಿಯ ಪಕ್ಕದಲ್ಲೇ ಇತ್ತು. ಇದು ಯಾಕಕ್ಕಾ ಇನ್ನೂ ಅಂತ ಕೇಳಿದೆ.

"ಅವ್ರ ಮನೇಲೂ ಯಾರೋ ಕಾಯ್ತಿರ್ತಾರಲ್ಲೋ," ಅಂದಳು. "ನೀನು ಪೇಪರಲ್ಲಿ ಏನೇನೋ ಬರೀತೀಯ. ಇದನ್ನ ಬರಿ."

ನರಸೀಪುರ ಅಂದರೆ ನಮ್ಮದೊಂದೇ ಅಂತ ನಾವು ಅವಸರದಲ್ಲಿ ತಿಳಿದುಬಿಟ್ಟಿದ್ದೆವು. ಮೈಸೂರಿನ ಕಡೆ ಇನ್ನೊಂದಿದೆ. ನಕ್ಷೆ ಹುಡುಕಿದರೆ ಇನ್ನೂ ಇರಬಹುದು. ಅದರಲ್ಲಿ ಯಾವುದೋ ಒಂದರಲ್ಲಿ, ಯಾವುದೋ ಮನೆಯಲ್ಲಿ, ಹನ್ನೆರಡು ತುಂಬುವುದಕ್ಕೆ ಹೆದರುತ್ತಾ ಒಬ್ಬ ಹೆಂಗಸು ದಿನಾ ಕನ್ನಡಿಯ ಮುಂದೆ ನಿಂತು ಕುಂಕುಮ ಇಡುತ್ತಿರಬಹುದು. ಅವಳಿಗೆ ಯಾರಾದರೂ ಈ ಪೇಪರ್ ಓದಿ ಹೇಳಿ. ಅವಳು ಕಾಯುತ್ತಿರುವ ಮನುಷ್ಯ ಬದುಕಿದ್ದಾರೆ. ಊಟ ಮಾಡುತ್ತಾರೆ. ಷರಟಿಗೆ ಪೂರ್ತಿ ಗುಂಡಿ ಹಾಕಿಕೊಳ್ಳುತ್ತಾರೆ. ಊರಿನ ಹೆಸರು ಮರೆತಿಲ್ಲ.

ಫೋಟೋ ಅಚ್ಚು ಹಾಕಿ ಅಂದೆ, ಮಸುಕಾಗಿದೆ, ಆಗುವುದಿಲ್ಲ ಅಂದರು ಪತ್ರಿಕೆಯವರು. ಹಾಗಾಗಿ ಅಕ್ಷರದಲ್ಲೇ ಕೊಡುತ್ತಿದ್ದೇನೆ: ಹಿಂದಕ್ಕೆ ಬಾಚಿದ ನರೆಗೂದಲು, ಅಗಲವಾದ ಹಣೆ, ಅದರ ಮೇಲೆ ಮೂರು ಗೆರೆ, ನಡುವಿನದು ಮಧ್ಯದಲ್ಲಿ ತುಂಡಾಗಿದೆ. ಒಳಗೆ ಹೋದ ಸಣ್ಣ ಕಣ್ಣು. ಎಡಕ್ಕೆ ತುಸು ಸೊಟ್ಟಗಿರುವ ಮೂಗು.

ಆ ಹಣೆ ನಿಮ್ಮ ಮನೆಯದಾ?